ಅಡಾಪ್ಟರ್ ಹಾಕಿದರೆ ಸಣ್ಣ ಕ್ಯಾಮೆರಾ ಸಿನಿಮಾ ಕ್ಯಾಮೆರಾ ಆಗುತ್ತದೆಯೇ?

ಸಿನಿಮಾ ಲೆನ್ಸೊಂದನ್ನು ಬಾಡಿಗೆಗೆ ತಂದು, ಅಡಾಪ್ಟರ್ ಮೂಲಕ ಸಣ್ಣ ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಥಿಯೇಟರಿನ ಚಿತ್ರವೇ ಬರುತ್ತದೆ ಎಂಬ ಮಾತು ಕಿರುಚಿತ್ರ ಮಾಡುವವರ ನಡುವೆ ಬಹಳ ವರ್ಷಗಳಿಂದ ಓಡಾಡುತ್ತಿದೆ. ಇದನ್ನು ನಂಬಿ, ಲೈಟಿಂಗ್‌ಗೆ ಮತ್ತು ಧ್ವನಿಗೆ ಇಡಬೇಕಾದ ದುಡ್ಡನ್ನು ಲೆನ್ಸಿಗೆ ಸುರಿಯುವವರಿದ್ದಾರೆ. ಆದ್ದರಿಂದ ಅಡಾಪ್ಟರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲೇಬೇಕು.

ತಪ್ಪು ಕಲ್ಪನೆ: ಹಿನ್ನೆಲೆ ಮಸುಕಾಗುವುದು ಸಿನಿಮಾ ಲೆನ್ಸಿನ ಗುಣ

ಮುಖ ಮಾತ್ರ ಸ್ಪಷ್ಟವಾಗಿ, ಹಿಂದಿನದೆಲ್ಲ ಕರಗಿದಂತೆ ಕಾಣುವುದರಲ್ಲಿ ಲೆನ್ಸಿನ ಹೆಸರಿಗಿಂತ ಚಿತ್ರ ಬೀಳುವ ಜಾಗದ ಅಳತೆಯ ಪಾಲು ದೊಡ್ಡದು. ಸೂಪರ್ 35 ಫಿಲ್ಮಿನ ಫ್ರೇಮ್ ಸುಮಾರು 25 ಮಿ.ಮೀ. ಅಗಲ. 2000ದ ಆಸುಪಾಸಿನ ಕ್ಯಾನನ್ ಎಕ್ಸ್‌ಎಲ್1, ಪ್ಯಾನಸೋನಿಕ್ ಡಿವಿಎಕ್ಸ್100 ಕ್ಯಾಮೆರಾಗಳಲ್ಲಿದ್ದ ಮೂರನೇ ಒಂದು ಇಂಚಿನ ಚಿಪ್ಪಿನ ಅಗಲ ಸುಮಾರು 4.8 ಮಿ.ಮೀ. ಮಾತ್ರ. ಫಿಲ್ಮಿನಲ್ಲಿ 50 ಮಿ.ಮೀ. ಲೆನ್ಸ್ ತೋರಿಸುವ ದೃಶ್ಯವನ್ನೇ ಈ ಚಿಪ್ಪಿನಲ್ಲಿ ಹಿಡಿಯಲು 10 ಮಿ.ಮೀ.ಗಿಂತ ತುಸು ಕಡಿಮೆಯ ಲೆನ್ಸ್ ಬೇಕು. ಎಫ್/2ರಲ್ಲಿ ಮೊದಲನೆಯದರ ಅಪರ್ಚರ್ 25 ಮಿ.ಮೀ. ಅಗಲ ತೆರೆದಿರುತ್ತದೆ, ಎರಡನೆಯದರದು 5 ಮಿ.ಮೀ.ಗೂ ಕಡಿಮೆ. ಆ ಕಿಂಡಿ ಕಿರಿದಾದಷ್ಟೂ ಹಿಂದುಮುಂದಿನದೆಲ್ಲ ಫೋಕಸ್‌ನಲ್ಲೇ ಉಳಿಯುತ್ತದೆ. ಆ ಕಾಲದ ಮದುವೆ ವಿಡಿಯೋಗಳಲ್ಲಿ ವಧುವಿನ ಮುಖದಷ್ಟೇ ಚೊಕ್ಕವಾಗಿ ಹಿಂದಿನ ಸಾಲಿನ ಕುರ್ಚಿಗಳೂ ಕಾಣುತ್ತಿದ್ದುದು ಇದರಿಂದಲೇ.

ದೊಡ್ಡ ಲೆನ್ಸನ್ನು ನೇರವಾಗಿ ಸಿಕ್ಕಿಸಿದರೂ ಕೆಲಸ ಆಗುವುದಿಲ್ಲ. ಎಕ್ಸ್‌ಎಲ್1ಗೆ ತನ್ನ ಸ್ಟಿಲ್ ಕ್ಯಾಮೆರಾ ಲೆನ್ಸ್‌ಗಳನ್ನು ಹಾಕಲು ಕ್ಯಾನನ್ ಕಂಪನಿಯೇ ಅಡಾಪ್ಟರ್ ಮಾರುತ್ತಿತ್ತು. ಅದರಲ್ಲಿ ದೃಶ್ಯ 7.2 ಪಟ್ಟು ಹತ್ತಿರವಾಗುತ್ತಿತ್ತು, 50 ಮಿ.ಮೀ. ಲೆನ್ಸ್ 360 ಮಿ.ಮೀ. ಟೆಲಿ ಲೆನ್ಸಿನಂತೆ ವರ್ತಿಸುತ್ತಿತ್ತು. ದೊಡ್ಡ ಲೆನ್ಸ್ ಹರಡಿದ ಚಿತ್ರದ ನಟ್ಟನಡುವಿನ ತುಣುಕನ್ನು ಮಾತ್ರ ಚಿಪ್ಪು ಹೆಕ್ಕಿಕೊಳ್ಳುತ್ತಿತ್ತು. ಹಕ್ಕಿ ಚಿತ್ರಿಸುವವರಿಗೆ ಇದು ವರ, ಹತ್ತಡಿಯ ಕೋಣೆಯಲ್ಲಿ ಸಂಭಾಷಣೆ ತೆಗೆಯುವವರಿಗೆ ಉಪಯೋಗವಿಲ್ಲ.

ಈ ತೊಡಕಿಗೆ ಮ್ಯೂನಿಕ್‌ನ ಪಿ+ಎಸ್ ಟೆಕ್ನಿಕ್ ಕಂಪನಿಯ ಮಿನಿ35 ಅಡಾಪ್ಟರ್ ಜಾಣ ದಾರಿ ಹುಡುಕಿತು. ಸಿನಿಮಾ ಲೆನ್ಸ್ ತನ್ನ ಚಿತ್ರವನ್ನು ಫಿಲ್ಮ್ ಫ್ರೇಮಿನಷ್ಟೇ ದೊಡ್ಡದಾಗಿ ಗ್ರೌಂಡ್ ಗ್ಲಾಸ್ ಎಂಬ ತರಿಗಾಜಿನ ಮೇಲೆ ಬೀಳಿಸುತ್ತದೆ. ಹಿಂದಿರುವ ವಿಡಿಯೋ ಕ್ಯಾಮೆರಾ ಆ ಗಾಜನ್ನು ಚಿತ್ರೀಕರಿಸುತ್ತದೆ. ಫಿಲ್ಮಿನ ಡೆಪ್ತ್ ಆಫ್ ಫೀಲ್ಡ್, ಅಂದರೆ ಫೋಕಸ್‌ನಲ್ಲಿ ಉಳಿಯುವ ಆಳ, ಸಣ್ಣ ಚಿಪ್ಪಿಗೆ ಸಿಕ್ಕಿದ್ದು ಹೀಗೆ. ಮುಂದೆ ರೆಡ್‌ರಾಕ್ ಮೈಕ್ರೋ, ಲೆಟಸ್ ಮುಂತಾದವರು ಇದೇ ತತ್ವವನ್ನು ಕಡಿಮೆ ಬೆಲೆಯಲ್ಲಿ ಕೊಟ್ಟರು. ಅಪ್ರತಿಮ ಕಲ್ಪನೆ ಇದು, ಆ ಎಂಜಿನಿಯರುಗಳ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದಿತ್ತು. ಗಾಜು ಒಂದೂವರೆ, ಎರಡು ಸ್ಟಾಪ್‌ನಷ್ಟು ಬೆಳಕು ನುಂಗುತ್ತಿತ್ತು. ಎರಡು ಸ್ಟಾಪ್ ಎಂದರೆ ನಾಲ್ಕರಲ್ಲಿ ಒಂದು ಪಾಲು ಬೆಳಕಷ್ಟೇ ಉಳಿಯಿತು ಎಂದರ್ಥ. ಗಾಜಿನ ತರಿ ಚಿತ್ರದಲ್ಲಿ ಮೂಡದಿರಲಿ ಎಂದು ಅದನ್ನು ಮೋಟರಿನಿಂದ ತಿರುಗಿಸಬೇಕಿತ್ತು ಇಲ್ಲವೇ ಕಂಪಿಸುವಂತೆ ಮಾಡಬೇಕಿತ್ತು. ಲೆನ್ಸಿನ ಅಪರ್ಚರ್ ತೀರಾ ಕಿರಿದು ಮಾಡಿದರೆ, ಶಟರ್ ವೇಗ ಏರಿಸಿದರೆ ತರಿ ಮತ್ತೆ ಕಾಣುತ್ತಿತ್ತು. ಪ್ರಿಸಂ ಇಲ್ಲದ ಅಡಾಪ್ಟರುಗಳಲ್ಲಿ ಚಿತ್ರ ತಲೆಕೆಳಗು.

ತಪ್ಪು ಕಲ್ಪನೆ: ಸಿನಿಮಾ ಲೆನ್ಸ್ ಹಾಕಿದರೆ ರೆಸಲ್ಯೂಶನ್ ಏರುತ್ತದೆ

ಏರುವುದಿಲ್ಲ. ಪಾಲ್ ಡಿವಿ ಕ್ಯಾಮೆರಾ ದಾಖಲಿಸುವುದು 720×576 ಪಿಕ್ಸೆಲ್, ಮುಂದೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಅಷ್ಟೇ. ಗ್ರೌಂಡ್ ಗ್ಲಾಸ್ ಅದನ್ನು ಇನ್ನಷ್ಟು ಮೆದುಗೊಳಿಸುತ್ತಿತ್ತು. ಇನ್ನು, ಮಸುಕು ಹಿನ್ನೆಲೆಯೇ ಸಿನಿಮಾ ಎನ್ನುವವರು 1941ರ ಸಿಟಿಜನ್ ಕೇನ್ ನೋಡಬೇಕು. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಅದರಲ್ಲಿ ಹತ್ತಿರದ ಮುಖವನ್ನೂ ದೂರದ ಬಾಗಿಲನ್ನೂ ಒಟ್ಟಿಗೆ ಸ್ಪಷ್ಟವಾಗಿ ತೋರಿಸಲು ಹೆಣಗಿದರು.

ತಪ್ಪು ಕಲ್ಪನೆ: ಎಲ್ಲ ಅಡಾಪ್ಟರುಗಳೂ ಬೆಳಕು ತಿನ್ನುತ್ತವೆ

ಇದು ಆ ಹಳೆಯ ಗಾಜಿನ ಕಾಲದಿಂದ ಉಳಿದುಬಂದ ಭಯ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಅಗ್ಗದ ಕ್ಯಾಮೆರಾಗಳಲ್ಲೇ ದೊಡ್ಡ ಸೆನ್ಸರ್ ಸಿಗತೊಡಗಿ ಗ್ರೌಂಡ್ ಗ್ಲಾಸ್ ಮೂಲೆ ಸೇರಿತು. ಇಂದು ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹಾಕುವ ಸಾಮಾನ್ಯ ಅಡಾಪ್ಟರ್ ಬರೀ ಖಾಲಿ ಕೊಳವೆ. ಸಿನಿಮಾದ ಪಿಎಲ್ ಲೆನ್ಸ್ ತನ್ನ ಮೌಂಟಿನಿಂದ 52 ಮಿ.ಮೀ. ಹಿಂದೆ ಚಿತ್ರ ಮೂಡಿಸುತ್ತದೆ, ಸೋನಿ ಇ-ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ. ದೂರ. ನಡುವಿನ 34 ಮಿ.ಮೀ. ತುಂಬುವುದಷ್ಟೇ ಕೊಳವೆಯ ಕೆಲಸ. ಗಾಜಿಲ್ಲ, ಬೆಳಕೂ ಕಡಿಮೆಯಾಗದು, ಬಣ್ಣವೂ ಬದಲಾಗದು. 2013ರಲ್ಲಿ ಮೆಟಾಬೋನ್ಸ್ ತಂದ ಸ್ಪೀಡ್ ಬೂಸ್ಟರಿನಲ್ಲಿ ಮಾತ್ರ ಗಾಜಿದೆ. ಅದು ಚಿತ್ರವನ್ನು 0.71 ಪಟ್ಟಿಗೆ ಕುಗ್ಗಿಸಿ ಅದೇ ಬೆಳಕನ್ನು ಕಿರಿದಾದ ಜಾಗಕ್ಕೆ ಒಟ್ಟುಗೂಡಿಸುವುದರಿಂದ ಒಂದು ಸ್ಟಾಪ್ ಲಾಭವೇ ಆಗುತ್ತದೆ.

ಹಾಗೆಂದು ಯಾವ ಲೆನ್ಸಾದರೂ ಯಾವ ಕ್ಯಾಮೆರಾಕ್ಕಾದರೂ ಹೊಂದುತ್ತದೆ ಎಂದಲ್ಲ. ಹಳೆಯ 16 ಮಿ.ಮೀ. ಫಿಲ್ಮ್ ಕ್ಯಾಮೆರಾಗಳ ಸಿ-ಮೌಂಟ್ ಲೆನ್ಸುಗಳನ್ನು ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಕ್ಕೆ ಹಾಕಿದರೆ, ಬಹುತೇಕ ಲೆನ್ಸುಗಳ ಚಿತ್ರ ಸೆನ್ಸರಿನ ಮೂಲೆಗಳನ್ನು ತಲುಪದೆ ಅಲ್ಲಿ ಕಪ್ಪಾಗುತ್ತದೆ.

ಸಿನಿಮಾ ಲೆನ್ಸಿನ ನಿಜವಾದ ಬೆಲೆ ಇರುವುದು ಬೇರೆಡೆ. ಫೋಕಸ್ ರಿಂಗ್ ಹೆಚ್ಚು ದೂರ ತಿರುಗುತ್ತದೆ, ದೂರದ ಗುರುತುಗಳನ್ನು ನಂಬಬಹುದು, ಲೆನ್ಸ್ ನಿಜಕ್ಕೂ ಎಷ್ಟು ಬೆಳಕು ಬಿಡುತ್ತದೆ ಎಂದು ಹೇಳುವ ಟಿ-ಸ್ಟಾಪ್ ಲೆಕ್ಕ ಲೆನ್ಸಿನಿಂದ ಲೆನ್ಸಿಗೆ ತಪ್ಪುವುದಿಲ್ಲ. ಫೋಕಸ್ ಹೊಂದಿಸಲೆಂದೇ ಇರುವ ಸಹಾಯಕ, ಅಂದರೆ ಫೋಕಸ್ ಪುಲ್ಲರ್, ಇಲ್ಲದ ತಂಡಕ್ಕೆ ಇವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅಡಾಪ್ಟರಿನ ದಪ್ಪದಲ್ಲಿ ಮಿಲಿಮೀಟರಿನ ಕೆಲವು ನೂರನೇ ಪಾಲು ವ್ಯತ್ಯಾಸ ಬಂದರೂ ಆ ಗುರುತುಗಳು ಸುಳ್ಳಾಗುತ್ತವೆ. ಆದ್ದರಿಂದ ಬಾಡಿಗೆ ಅಂಗಡಿಯಿಂದ ಹೊರಡುವ ಮುನ್ನ ಅಲ್ಲೇ ಟೇಪ್ ಹಿಡಿದು ಅಳೆಯಿರಿ, ದೂರದ ಕಟ್ಟಡವೊಂದಕ್ಕೆ ಫೋಕಸ್ ಮಾಡಿ. ಲೆನ್ಸಿನ ಗುರುತು ಅಳತೆಗೆ ಹೊಂದದಿದ್ದರೆ ಆ ಅಡಾಪ್ಟರ್ ಬೇಡ ಎನ್ನಿ.