ತೆಳುಗೆರೆಯ ಕನ್ನಡ

ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯಲ್ಲಿ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯೊಬ್ಬಳು ಶಾಸನ ಬರೆಯುತ್ತ ನಿಂತಿದ್ದಾಳೆ. ಬರೆಯುತ್ತಿರುವುದು 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಭಾಷೆ ಸಂಸ್ಕೃತ, ಲಿಪಿ ಕನ್ನಡ. ನೋಡಹೋದವರ ಕಣ್ಣು ಅವಳ ನಿಲುವಿನಲ್ಲೇ ಸಿಕ್ಕಿಕೊಳ್ಳುತ್ತದೆ, ಅಕ್ಷರದ ಕಡೆ ಹೊರಳುವುದು ಕಡಿಮೆ. ಆ ಕಾಲದ ದುಂಡು ಬರಹವೂ ಶಿಲ್ಪದಷ್ಟೇ ನೋಡತಕ್ಕದ್ದು.

ಆ ದುಂಡುತನವನ್ನು ಕಾಗದಕ್ಕೆ ತರುವ ಫಾಂಟುಗಳು ನಮ್ಮಲ್ಲಿ ವಿರಳ. ಹೆಚ್ಚಿನವು ದಪ್ಪ, ಇಕ್ಕಟ್ಟು. ಇದಕ್ಕೆ ಹೊರತಾದ ಒಂದು ‘ಟೈರೊ ಕನ್ನಡ’. ಕೆನಡಾದ ಟೈರೊ ಟೈಪ್‌ವರ್ಕ್ಸ್ ಇದನ್ನು ರೂಪಿಸಿದ್ದು ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಗಾಗಿ. ಜಾನ್ ಹಡ್ಸನ್, ಫಿಯೋನಾ ರಾಸ್, ಫರ್ನಾಂಡೊ ಮೆಲ್ಲೊ ಈ ಮಾಲೆಯ ಭಾರತೀಯ ಲಿಪಿಗಳ ಮೇಲೆ ದುಡಿದವರು. 2017ರಲ್ಲಿ ಅದೇ ಮಾಲೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಡನೆ ಬಂತು.

ಇಂಗ್ಲಿಷಿನ ಸೆರಿಫ್ ಅಕ್ಷರಕ್ಕೆ ಗೆರೆಯ ತುದಿಯಲ್ಲಿ ಪುಟ್ಟ ಪಾದವಿರುತ್ತದೆ. ಕನ್ನಡಕ್ಕೆ ಆ ಪಾದ ಬೇಕಿಲ್ಲ, ತಲೆಕಟ್ಟು ಇದೆಯಲ್ಲ. ನಮ್ಮಲ್ಲಿ ಸೊಗಸು ಹುಟ್ಟುವುದು ಒಂದೇ ಗೆರೆ ಉಬ್ಬುತ್ತ, ಸಣ್ಣಗಾಗುತ್ತ ಸಾಗುವುದರಿಂದ. ಗೆರೆ ಹಗುರಾದಷ್ಟೂ ‘ಣ’, ‘ಈ’ ಮುಂತಾದ ಅಕ್ಷರಗಳ ಒಳಗಿನ ಬಿಳುಪು ತೆರೆದುಕೊಳ್ಳುತ್ತದೆ, ಒತ್ತಕ್ಷರಕ್ಕೂ ಉಸಿರಾಡಲು ಜಾಗ ಸಿಗುತ್ತದೆ.

ವಚನಕ್ಕೆ ತೆಳುಗೆರೆಯ ಈ ಫಾಂಟು ಹೇಳಿ ಮಾಡಿಸಿದಂತಿದೆ. ವಚನದ ಸಾಲು ಚಿಕ್ಕದು, ಸುತ್ತ ಖಾಲಿ ಜಾಗ ಹೆಚ್ಚು. ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದಾಗ ವಚನಗಳು ಅಚ್ಚಾದರೆ ಸಾಕಿತ್ತು. ಈಗ ಹೇಗೆ ಅಚ್ಚಾಗಬೇಕು ಎಂದೂ ಕೇಳಬಹುದು. ಬಸವಕಲ್ಯಾಣದ ಹೊಸ ಅನುಭವ ಮಂಟಪದಲ್ಲಿ ಗೋಡೆಯ ಮೇಲೆ ವಚನ ಬರೆಸುವುದಾದರೆ ಇಂಥ ಅಕ್ಷರವನ್ನೇ ಆರಿಸಲಿ ಎಂಬುದು ನನ್ನ ಆಸೆ. ಲಗ್ನಪತ್ರಿಕೆಗೂ ಒಪ್ಪುತ್ತದೆ, ಬಂಗಾರದ ಬಣ್ಣ ಬಳಿಯದಿದ್ದರೆ!

ಎಲ್ಲದಕ್ಕೂ ಅಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಫ್ಲೆಕ್ಸಿಗೆ ಹಾಕಿದರೆ ರಸ್ತೆಯ ಆಚೆ ಬದಿಯಿಂದ ಸಣ್ಣ ಗೆರೆಗಳು ಕಾಣಿಸವು. ಮಸಿ ಹೀರುವ ಅಗ್ಗದ ಕಾಗದದ ಮೇಲೆ ಸಣ್ಣ ಅಳತೆಯಲ್ಲಿ ಅಚ್ಚು ಹಾಕಿದರೂ ಸೊಗಸು ಉಳಿಯದು.

ಫಾಂಟು ಉಚಿತವಾಗಿ ಸಿಗುತ್ತದೆ. ಆದರೆ ಇದು ಯೂನಿಕೋಡ್. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಬರಹವನ್ನು ಡಿಟಿಪಿ ಅಂಗಡಿಯವರು ಮೊದಲು ಪರಿವರ್ತಿಸಿಕೊಳ್ಳಬೇಕು. ಸಾಲುಗಳ ನಡುವೆ ಧಾರಾಳವಾಗಿ ಅಂತರ ಬಿಡಬೇಕು. ಜೊತೆಗೆ ಓರೆ ಅಕ್ಷರವಿದೆ, ದಪ್ಪ ಅಕ್ಷರವಿಲ್ಲ. ‘ಬೋಲ್ಡ್’ ಗುಂಡಿ ಒತ್ತಿದರೆ ಕಂಪ್ಯೂಟರು ತಾನೇ ಗೆರೆಗಳನ್ನು ಊದಿಸಿಬಿಡುತ್ತದೆ. ಶೀರ್ಷಿಕೆಗೆ ಅಳತೆ ಹಿಗ್ಗಿಸಿಕೊಂಡರೆ ಸಾಕು.