ವಿಮಾ ಏಜೆಂಟರಿಗೆ ಕಾನೂನಿನ ಕಟ್ಟು: ವರ್ತಕರು ಅರಿಯಬೇಕಾದ ಮಾತು

ಮೈಸೂರು ನಗರದ ಪಶ್ಚಿಮದ ಅಂಚಿನಲ್ಲಿರುವ ಬೋಗಾದಿ ಹಿಂದೆ ಒಂದು ಗ್ರಾಮವಾಗಿತ್ತು. ಬಡಾವಣೆಗಳು ಬೆಳೆದು, ವರ್ತುಲ ರಸ್ತೆ ಬಂದು, ಅದು ಈಗ ನಗರದೊಳಗೇ ಸೇರಿಹೋದಂತೆ ಕಾಣುತ್ತದೆ. ಮನೆಗಳು ಬಂದಲ್ಲಿಗೆ ಅಂಗಡಿಗಳು ಬರುತ್ತವೆ, ಅಂಗಡಿಗಳ ಹಿಂದೆಯೇ ವಿಮಾ ಏಜೆಂಟರೂ ಬರುತ್ತಾರೆ. ಏಜೆಂಟರು ಹೆಚ್ಚಾಗಿ ಅದೇ ಬೀದಿಯವರು, ಅಂಗಡಿಯ ಗಿರಾಕಿಗಳು ಅಥವಾ ದೂರದ ನೆಂಟರು. ವಿಮೆಯ ಮಾತು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತುಕೊಂಡೇ ಮುಗಿಯುತ್ತದೆ. ಪರಿಚಯದ ಮೇಲೆ ನಡೆಯುವ ಈ ವ್ಯವಹಾರದಲ್ಲಿ ಮೂರು ರೂಢಿಗಳು ಬೇರೂರಿವೆ: ಏಜೆಂಟರಿಂದ ಕಂತಿನ ಒಂದು ಭಾಗವನ್ನು ಹಿಂದಕ್ಕೆ ಪಡೆಯುವುದು, ಕಂತಿನ ಹಣವನ್ನು ಅವರ ಕೈಗೇ ಕೊಟ್ಟುಬಿಡುವುದು, ಪ್ರಸ್ತಾವನಾ ಪತ್ರಕ್ಕೆ ಓದದೆ ಸಹಿ ಹಾಕುವುದು. ಮೂರೂ ಕಾನೂನಿನ ಕಣ್ಣಿಗೆ ಬೀಳುವಂಥವು. ಮೂರರಲ್ಲಿಯೂ ಪೆಟ್ಟು ಕೊನೆಗೆ ಬೀಳುವುದು ವರ್ತಕರ ಮೇಲೆಯೇ.

ಕಮಿಷನ್ನಿನಲ್ಲಿ ಪಾಲು

"ಮೊದಲನೇ ವರ್ಷದ ಕಂತಿನಲ್ಲಿ ಇಷ್ಟು ನಾನೇ ಹಾಕಿಕೊಡುತ್ತೇನೆ ಸ್ವಾಮಿ" ಎಂದು ಏಜೆಂಟರು ಹೇಳುವುದೂ, "ಬೇರೆಯವರು ಇಷ್ಟು ಕೊಡುತ್ತಾರೆ, ನೀವೆಷ್ಟು ಬಿಡುತ್ತೀರಿ?" ಎಂದು ವರ್ತಕರು ಕೇಳುವುದೂ ಸಾಮಾನ್ಯ. ಸಗಟು ವ್ಯಾಪಾರದಲ್ಲಿ ಚೌಕಾಸಿ ಮಾಡಿ ಅಭ್ಯಾಸವಾದವರಿಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ 1938ರ ವಿಮಾ ಅಧಿನಿಯಮದ 41ನೇ ಕಲಂ ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ವಿಮೆಯನ್ನು ಮಾಡಿಸಲು, ನವೀಕರಿಸಲು ಅಥವಾ ಮುಂದುವರಿಸಲು ಪ್ರಲೋಭನೆಯಾಗಿ ಕಮಿಷನ್ನಿನ ಪಾಲನ್ನಾಗಲಿ ಕಂತಿನಲ್ಲಿ ರಿಯಾಯಿತಿಯನ್ನಾಗಲಿ ನೇರವಾಗಿ ಅಥವಾ ಪರೋಕ್ಷವಾಗಿ ಯಾರೂ ಕೊಡುವಂತಿಲ್ಲ. "ಪರೋಕ್ಷವಾಗಿ" ಎಂಬ ಪದವಿರುವುದರಿಂದ ಬೆಳ್ಳಿಯ ದೀಪವೋ ಮಿಕ್ಸರೋ ಉಡುಗೊರೆಯಾಗಿ ಬಂದರೂ ಪ್ರಶ್ನೆ ಏಳುತ್ತದೆ.

ಹಲವರಿಗೆ ತಿಳಿಯದಿರುವುದು ಅದೇ ಕಲಮಿನ ಎರಡನೆಯ ಅರ್ಧ. ವಿಮೆ ಮಾಡಿಸುವವರು ಅಂಥ ರಿಯಾಯಿತಿಯನ್ನು ಸ್ವೀಕರಿಸುವಂತೆಯೂ ಇಲ್ಲ. ಕೊಟ್ಟವರೂ ಪಡೆದವರೂ ಇಬ್ಬರೂ ತಪ್ಪಿತಸ್ಥರು. ಈ ಕಲಮನ್ನು ಪ್ರಸ್ತಾವನಾ ಪತ್ರದಲ್ಲಿಯೇ ಸಣ್ಣ ಅಕ್ಷರಗಳಲ್ಲಿ ಅಚ್ಚು ಮಾಡಿರುತ್ತಾರೆ. ಅದೇ ಪತ್ರಕ್ಕೆ ಸಹಿ ಮಾಡಿ, ಅದೇ ಕುಳಿತಲ್ಲಿ ರಿಯಾಯಿತಿಯನ್ನೂ ಎಣಿಸಿಕೊಳ್ಳುವುದು ವಿಚಿತ್ರವಾದರೂ ನಡೆದೇ ಇದೆ. ಬಹುಕಾಲ ಈ ತಪ್ಪಿಗೆ ಗರಿಷ್ಠ ದಂಡ ಕೇವಲ 500 ರೂಪಾಯಿ ಇದ್ದುದರಿಂದ ಯಾರೂ ಅಂಜಲಿಲ್ಲ. 2015ರ ತಿದ್ದುಪಡಿಯು ಗರಿಷ್ಠ ಮಿತಿಯನ್ನು 10 ಲಕ್ಷ ರೂಪಾಯಿಗೆ ಏರಿಸಿತು.

ಕಂಪನಿಯೇ ತನ್ನ ಪ್ರಕಟಿತ ವಿವರಣಾ ಪತ್ರಿಕೆಯಲ್ಲಿ ತೋರಿಸಿರುವ ರಿಯಾಯಿತಿಗೆ ಅಡ್ಡಿಯಿಲ್ಲ. ವರ್ಷಕ್ಕೊಮ್ಮೆ ಕಂತು ಕಟ್ಟಿದರೆ ಸಿಗುವ ಕಡಿತ, ವಿಮಾ ಮೊತ್ತ ದೊಡ್ಡದಿದ್ದರೆ ಸಿಗುವ ಕಡಿತ, ವಾಹನ ವಿಮೆಯಲ್ಲಿ ಕ್ಲೇಮು ಇಲ್ಲದ ವರ್ಷಕ್ಕೆ ಸಿಗುವ ಬೋನಸ್ ಇವೆಲ್ಲ ನ್ಯಾಯವಾದವು. ಏಜೆಂಟರ ಜೇಬಿನಿಂದ ಬರುವುದು ಮಾತ್ರ ಅಲ್ಲ. ವ್ಯವಹಾರದ ದೃಷ್ಟಿಯಿಂದಲೂ ಈ ನಿಷೇಧಕ್ಕೆ ಅರ್ಥವಿದೆ. ಮೊದಲ ವರ್ಷದ ಕಮಿಷನ್ನನ್ನೆಲ್ಲ ಬಿಟ್ಟುಕೊಟ್ಟ ಏಜೆಂಟರಿಗೆ ಎರಡನೆಯ ವರ್ಷ ಅಂಗಡಿಯ ಮೆಟ್ಟಿಲು ಹತ್ತಲು ಕಾರಣವೇ ಉಳಿಯುವುದಿಲ್ಲ. ಹಳೆಯ ಪಾಲಿಸಿಯನ್ನು ಬಿಡಿಸಿ ಹೊಸದನ್ನು ಮಾಡಿಸುವುದೇ ಅವರಿಗೆ ಲಾಭ. ಆದುದರಿಂದಲೇ, ಇರುವ ಪಾಲಿಸಿಯನ್ನು ನಿಲ್ಲಿಸುವಂತೆ ಒತ್ತಾಯಿಸಿ ಮೂರು ವರ್ಷದೊಳಗೆ ಅದೇ ವ್ಯಕ್ತಿಯಿಂದ ಹೊಸ ಪ್ರಸ್ತಾವನೆ ತರುವುದನ್ನು ಏಜೆಂಟರ ನಡತೆಯ ಸಂಹಿತೆ ನಿಷೇಧಿಸಿತು.

ಕೈಗೆ ಕೊಟ್ಟ ಕಂತು

ವಿಮಾ ಅಧಿನಿಯಮದ 64-ವಿಬಿ ಕಲಮಿನ ತಿರುಳು ಇಷ್ಟು: ಕಂತು ಮುಂಗಡವಾಗಿ ಬಾರದೆ ಕಂಪನಿಯು ಅಪಾಯದ ಹೊಣೆಯನ್ನು ಹೊರುವಂತಿಲ್ಲ. ಕಂಪನಿಯ ಪರವಾಗಿ ಕಂತು ಪಡೆದ ಏಜೆಂಟರು, ಬ್ಯಾಂಕ್ ಮತ್ತು ಅಂಚೆ ರಜೆಗಳನ್ನು ಬಿಟ್ಟು, 24 ಗಂಟೆಗಳೊಳಗೆ ಅದನ್ನು ಪೂರ್ತಿಯಾಗಿ ಕಂಪನಿಗೆ ಸಲ್ಲಿಸಬೇಕು. ತಮ್ಮ ಕಮಿಷನ್ನನ್ನು ಅದರಲ್ಲಿ ಮುರಿದುಕೊಳ್ಳುವಂತಿಲ್ಲ. ಕಂತಿನ ಹಣ ಹಿಂತಿರುಗಬೇಕಾದಾಗಲೂ ಅದು ನೇರವಾಗಿ ವಿಮೆದಾರರಿಗೇ ಬರಬೇಕು, ಏಜೆಂಟರ ಖಾತೆಗೆ ಜಮಾ ಆಗಕೂಡದು.

ಏಜೆಂಟರು ತಡ ಮಾಡಿದರೆ ಏನಾಗುತ್ತದೆ? ಹರ್ಷದ್ ಜೆ. ಷಾ ಮತ್ತು ಭಾರತೀಯ ಜೀವ ವಿಮಾ ನಿಗಮದ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಕೊಟ್ಟ ತೀರ್ಪು ಇದಕ್ಕೆ ಉತ್ತರ. ವಿಮೆದಾರರು ನಾಲ್ಕು ಪಾಲಿಸಿಗಳ ಬಾಕಿ ಕಂತಿಗಾಗಿ 1987ರ ಜೂನ್ 4ರ ದಿನಾಂಕದ ಬೇರರ್ ಚೆಕ್ಕನ್ನು ಏಜೆಂಟರಿಗೆ ಕೊಟ್ಟರು. ಮರುದಿನವೇ ಅದು ನಗದಾಯಿತು. ನಿಗಮಕ್ಕೆ ಹಣ ಸೇರಿದ್ದು ಆಗಸ್ಟ್ 10ರಂದು. ವಿಮೆದಾರರು ಅದರ ಹಿಂದಿನ ದಿನ, ಆಗಸ್ಟ್ 9ರಂದು, ಅಪಘಾತದಲ್ಲಿ ತೀರಿಕೊಂಡಿದ್ದರು. ನಿಗಮದ ನಿಯಮಗಳ ಪ್ರಕಾರ ಕಂತು ವಸೂಲು ಮಾಡುವ ಅಧಿಕಾರ ಆ ಏಜೆಂಟರಿಗೆ ಇರಲಿಲ್ಲ; ಅವರಿಗೆ ಕೊಟ್ಟದ್ದು ನಿಗಮಕ್ಕೆ ಕೊಟ್ಟಂತಲ್ಲ ಎಂದು ನ್ಯಾಯಾಲಯ ಹೇಳಿತು. ಕಟ್ಟಿದ್ದ ಕಂತುಗಳು ಬಡ್ಡಿಸಮೇತ ಹಿಂದಕ್ಕೆ ಬಂದವು, ವಿಮಾ ಮೊತ್ತ ಬರಲಿಲ್ಲ. ನಂತರದ ವರ್ಷಗಳಲ್ಲಿ ನಿಗಮವು ಕೆಲವು ಏಜೆಂಟರಿಗೆ ಕಂತು ಸ್ವೀಕರಿಸಿ ಅಧಿಕೃತ ರಸೀದಿ ಕೊಡುವ ಅಧಿಕಾರ ನೀಡಿದೆ. ಆದರೆ ಎಲ್ಲ ಏಜೆಂಟರಿಗೂ ಅಲ್ಲ.

ಚೆಕ್ ಕೊಟ್ಟೊಡನೆ ಕೆಲಸ ಮುಗಿಯಿತೆಂದೂ ತಿಳಿಯಬಾರದು. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ದೇಡಪ್ಪ ಪ್ರಕರಣದಲ್ಲಿ ವಾಹನ ಮಾಲೀಕರು 1997ರಲ್ಲಿ ಕಂತಿಗೆ ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ಹಿಂದಿರುಗಿತ್ತು. ಕಂಪನಿ ಪಾಲಿಸಿಯನ್ನು ರದ್ದುಪಡಿಸಿ ಮಾಲೀಕರಿಗೂ ಸಾರಿಗೆ ಕಚೇರಿಗೂ ತಿಳಿಸಿತ್ತು. ಅಪಘಾತವಾದದ್ದು 1998ರಲ್ಲಿ. ಕಂಪನಿಗೆ ಹೊಣೆಯಿಲ್ಲವೆಂದೇ ನ್ಯಾಯಾಲಯ ತೀರ್ಮಾನಿಸಿತು. ನೊಂದವರಿಗೆ ಸದ್ಯಕ್ಕೆ ಕಂಪನಿ ಹಣ ಕೊಟ್ಟು ಅದನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ದಿನವೂ ಹತ್ತಾರು ಚೆಕ್ಕುಗಳನ್ನು ಹರಿಸುವ ಅಂಗಡಿಕಾರರು ವಿಮೆಯ ಚೆಕ್ಕು ಪಾಸಾದ ದಿನವನ್ನು ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಚೆಕ್ಕು ಕಂಪನಿಯ ಹೆಸರಿಗಿರಲಿ, ಕ್ರಾಸ್ ಆಗಿರಲಿ, ರಸೀದಿ ಕಂಪನಿಯದ್ದಾಗಿರಲಿ.

ಖಾಲಿ ಪತ್ರಕ್ಕೆ ಸಹಿ

ಪ್ರಸ್ತಾವನಾ ಪತ್ರದಲ್ಲಿ ಏನೇನು ತಿಳಿಸಬೇಕು, ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ವಿವರಿಸುವುದು ಏಜೆಂಟರ ಕರ್ತವ್ಯ. ಮುಖ್ಯ ಸಂಗತಿಯನ್ನು ಬಿಟ್ಟುಬಿಡಿ ಎಂದು ಪ್ರೇರೇಪಿಸುವುದು ನಿಷಿದ್ಧ. ಕೇಳಿದರೆ ತಮ್ಮ ಕಮಿಷನ್ನಿನ ದರವನ್ನೂ ಅವರು ಹೇಳಬೇಕು. ಆದರೂ ಪತ್ರದಲ್ಲಿರುವುದು ಸಹಿ ಮಾಡಿದವರ ಹೇಳಿಕೆಯೇ. ಬರೆದ ಕೈ ಏಜೆಂಟರದ್ದು ಎಂಬುದು ಕ್ಲೇಮಿನ ಕಾಲದಲ್ಲಿ ಹೆಚ್ಚು ಸಹಾಯಕ್ಕೆ ಬಾರದು.

ಸಂತೇಪೇಟೆಯಲ್ಲಿ ಅಂಗಡಿ ಇದ್ದು, ಜಾಗ ಸಾಲದೆ ಬೋಗಾದಿಯ ಕಡೆ ಗೋದಾಮು ಮಾಡಿಕೊಂಡ ಒಬ್ಬ ವರ್ತಕರನ್ನು ಊಹಿಸಿಕೊಳ್ಳಬಹುದು. ಪ್ರತಿ ವರ್ಷ ಏಜೆಂಟರು ಹಳೆಯ ಪಾಲಿಸಿಯನ್ನೇ ನೋಡಿ ನವೀಕರಿಸುತ್ತಾರೆ. ಪಾಲಿಸಿಯಲ್ಲಿ ಇರುವುದು ಸಂತೇಪೇಟೆಯ ವಿಳಾಸ, ಮಾಲು ಇರುವುದು ಬೋಗಾದಿಯಲ್ಲಿ. ಅಗ್ನಿ ವಿಮೆ ಪಾಲಿಸಿಯಲ್ಲಿ ಬರೆದ ಸ್ಥಳಕ್ಕೆ ಅಂಟಿಕೊಂಡಿರುತ್ತದೆ. ಸ್ಥಳ ಬದಲಾದುದನ್ನು ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳದಿದ್ದರೆ ಗೋದಾಮಿನ ಬೆಂಕಿಗೆ ಪರಿಹಾರ ಕೇಳುವುದು ಕಷ್ಟ.

ಮೊತ್ತದ ವಿಷಯವೂ ಹೀಗೆಯೇ. ಕಂತು ಕಡಿಮೆಯಾಗಲೆಂದು 40 ಲಕ್ಷದ ದಾಸ್ತಾನಿಗೆ 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದರೆ, 10 ಲಕ್ಷದ ಮಾಲು ಸುಟ್ಟಾಗ ಸರಾಸರಿ ನಿಯಮದ ಪ್ರಕಾರ ಸಿಗುವುದು 5 ಲಕ್ಷ. ಕಂತು ಉಳಿಸಿದ ಸಂತೋಷದಲ್ಲಿ ಈ ಲೆಕ್ಕವನ್ನು ಹೇಳುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ, ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ, ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸಲಾಗುತ್ತದೆ. ಅರ್ಧಕ್ಕರ್ಧ ಕೊರತೆಗೆ ಅದು ಔಷಧವಲ್ಲ.

ಯಾರು ಏಜೆಂಟರು?

2015ಕ್ಕೆ ಮುಂಚೆ ಏಜೆಂಟರಿಗೆ ಪ್ರಾಧಿಕಾರದ ಲೈಸೆನ್ಸ್ ಇರುತ್ತಿತ್ತು. ಆ ವರ್ಷದ ತಿದ್ದುಪಡಿಯ ಬಳಿಕ ಕಂಪನಿಯೇ ಏಜೆಂಟರನ್ನು ನೇಮಿಸುತ್ತದೆ, ಅವರ ತಪ್ಪಿಗೆ ತಾನೂ ಹೊಣೆಯಾಗುತ್ತದೆ. ನೇಮಕವಿಲ್ಲದೆ ಏಜೆಂಟರಂತೆ ವರ್ತಿಸಿದವರಿಗೆ 10 ಸಾವಿರದವರೆಗೆ, ಅಂಥವರ ಮೂಲಕ ವ್ಯವಹಾರ ನಡೆಸಿದ ಕಂಪನಿಗೆ 1 ಕೋಟಿ ರೂಪಾಯಿವರೆಗೆ ದಂಡವನ್ನು ಆ ತಿದ್ದುಪಡಿ ಗೊತ್ತುಮಾಡಿತು. ಗುರುತಿನ ಚೀಟಿಯನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ; ಕೇಳಿದಾಗ ತೋರಿಸುವುದು ಅವರ ಕರ್ತವ್ಯವೇ ಆಗಿದೆ. ಕ್ಲೇಮಿನ ಹಣದಲ್ಲಿ ಪಾಲು ಕೇಳುವುದೂ ಸಂಹಿತೆಗೆ ವಿರುದ್ಧ. ಕ್ಲೇಮಿಗೆ ನೆರವಾಗುವುದು ಅವರ ಕೆಲಸದ ಭಾಗ.

ದೂರು ಇದ್ದಲ್ಲಿ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತವಾಗಿ ಸಲ್ಲಿಸಬೇಕು. ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಗೆ 155255 ಸಂಖ್ಯೆಯ ಮೂಲಕವೂ ದೂರು ನೀಡಬಹುದು. ಕಂಪನಿಯಿಂದ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಹೋಗಬಹುದು. ವ್ಯಕ್ತಿಗಳಲ್ಲದೆ, ಒಬ್ಬರೇ ಮಾಲೀಕರಿರುವ ಸಂಸ್ಥೆಗಳ ಮತ್ತು ಸೂಕ್ಷ್ಮ ಉದ್ದಿಮೆಗಳ ದೂರುಗಳೂ ಅಲ್ಲಿ ಸಲ್ಲುತ್ತವೆ; ಪರಿಹಾರದ ಮಿತಿಯನ್ನು 2023ರಲ್ಲಿ 50 ಲಕ್ಷಕ್ಕೆ ಏರಿಸಲಾಯಿತು. ಅದಕ್ಕಿಂತ ದೊಡ್ಡ ಉದ್ದಿಮೆಗಳಿಗೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ವ್ಯಾಪಾರಕ್ಕಾಗಿ ಮಾಡಿಸಿದ ವಿಮೆಯಾದುದರಿಂದ ನೀವು ಗ್ರಾಹಕರೇ ಅಲ್ಲ ಎಂಬ ಕಂಪನಿಗಳ ಹಳೆಯ ವಾದವನ್ನು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ತಳ್ಳಿಹಾಕಿತು. ಬೆಂಕಿಯ ನಷ್ಟ ತುಂಬಿಕೊಳ್ಳಲು ಮಾಡಿಸಿದ ವಿಮೆಯು ಲಾಭ ಗಳಿಸುವ ವ್ಯವಹಾರವಲ್ಲ ಎಂಬುದು ಅದರ ಆಧಾರ.