ಗುಂಡಿ ರಸ್ತೆಗೆ ಎಲೆಕ್ಟ್ರಿಕ್ ಕಾರು ಆಗುತ್ತಾ?

ಮಲೆನಾಡಿನ ಗುಂಡಿ ರಸ್ತೆಯಲ್ಲಿ ದಿನಾ ಓಡಿಸಿದರೆ ಬ್ಯಾಟರಿ ಕೆಟ್ಟುಹೋಗುತ್ತಾ? ಕುಲುಕಾಟಕ್ಕೆ ಹೆದರಬೇಡಿ. ಸೆಲ್‌ಗಳು ಗಟ್ಟಿ ಡಬ್ಬಿಯೊಳಗೆ ಬಿಗಿಯಾಗಿ ಕೂತಿರುತ್ತವೆ. ನಮ್ಮ ದೇಶದ ಎಐಎಸ್-038 ನಿಯಮದಲ್ಲಿ ಕಂಪನದ ಪರೀಕ್ಷೆಯೂ ಇದೆ.

ಅಪಾಯ ಇರುವುದು ಕೆಳಗಿನಿಂದ. ಒಮ್ಮೆ ಬಗ್ಗಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಸೀಟಿನಡಿ ಉದ್ದಕ್ಕೂ ಹಾಸಿರುವುದು ಬ್ಯಾಟರಿಯೇ! ಚೂಪು ಕಲ್ಲು ಜೋರಾಗಿ ಬಡಿದರೆ ತಳದ ತಗಡು ನೆಗ್ಗಬಹುದು, ಸೀಲು ಬಿಡಬಹುದು, ಮಳೆನೀರು ಒಳಗೆ ಇಳಿಯಬಹುದು. ಐಪಿ67 ದರ್ಜೆಯ ಡಬ್ಬಿ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ, ನಿಜ. ಆದರೆ ಅದು ಏಟು ತಿನ್ನದ ಡಬ್ಬಿಯ ಮಾತು.

ಅದಕ್ಕೇ ಕೊಳ್ಳುವಾಗ ರೇಂಜ್ ಜೊತೆ ಗ್ರೌಂಡ್ ಕ್ಲಿಯರೆನ್ಸ್ ಕೂಡ ಕೇಳಿ. ತಳಕ್ಕೆ ‘ಧಡ್’ ಅಂತ ಬಡಿದರೆ ತಡಮಾಡದೆ ಲಿಫ್ಟ್ ಮೇಲೇರಿಸಿ ನೋಡಿಸಿ. ಕಲ್ಲು ಬಡಿದು ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.